ಬಿಸಿನೀರ ಬುಗ್ಗೆಯ ಜೀವ

"ಭೂಮಿ ಮೇಲೆ ಮೊದಲ ಜೀವ ಹೇಗೆ ಬಂತು ಅಂದ್ರೆ... ಪೂರ್ತಿ ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ!"

ವಿಶ್ವೇಶ್ವರಪುರಂನ ಸಭಾಂಗಣದಲ್ಲಿ ಭಾಷಣ ಮಾಡುತ್ತಿದ್ದ ಸಂಶೋಧಕಿ ಸುಪ್ರಜಾ ಹೀಗಂದಿದ್ದೇ ತಡ, ಹಿಂದಿನ ಸಾಲಿನಲ್ಲಿದ್ದವನೊಬ್ಬ ಜೋರಾಗಿ ನಕ್ಕುಬಿಟ್ಟ.

ಭಾಷಣ ಮುಗಿದದ್ದೇ ಅವಳು ನೇರ ಅವನೆದುರು ಹೋಗಿ ನಿಂತಳು.

"ಯಾಕ್ರೀ ನಕ್ಕಿದ್ದು? ವಿಜ್ಞಾನ ಅಂದ್ರೆ ನಿಮಗೆ ತಮಾಷೆನಾ?"

"ಅಯ್ಯೋ, ಖುಷಿಗೆ ನಕ್ಕಿದ್ದು ಮೇಡಂ! ಇಷ್ಟು ಓದಿದವರು 'ಗೊತ್ತಿಲ್ಲ' ಅಂದಿದ್ದು ಇವತ್ತೇ ಕೇಳಿದ್ದು. ಹಂಗಾದ್ರೆ ಹುಡುಕೋದು ಇನ್ನೂ ಇದೆ ಅಂತಾಯ್ತಲ್ಲ!"

ಅವನು ಅಭಿನಂದನ್. ತರಗುಪೇಟೆಯಲ್ಲಿ ಅಪ್ಪನ ಬೇಳೆ ಅಂಗಡಿ ನೋಡಿಕೊಳ್ಳುವವನು. ಅವನ ಕಣ್ಣಲ್ಲಿದ್ದ ಹೊಳಪು ನೋಡಿ ಸುಪ್ರಜಾಳ ಕೋಪ ಎಲ್ಲಿ ಹೋಯಿತೋ!

ಆಮೇಲೆ ಭಾನುವಾರಗಳೆಲ್ಲ ಅವರಿಬ್ಬರದೇ. ತಿಂಡಿ ಬೀದಿಯಲ್ಲಿ ದೋಸೆ ತಿನ್ನುತ್ತಾ ಅವಳು ಹೇಳುತ್ತಿದ್ದಳು, "ನಾವು, ಅವರೆ ಗಿಡ, ಆ ಕಾಗೆ... ಹಿಂದೆ ಹೋಗ್ತಾ ಹೋದ್ರೆ ಎಲ್ಲರ ಮೂಲ ಒಂದೇ!"

ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲೂ ಜೀವಿಗಳು ಬದುಕಿದ್ದವು. ಹಾಗೆ ಬದುಕಬಲ್ಲ ಜೀವಿಗಳನ್ನು ಲಡಾಖ್‌ನ ಬಿಸಿನೀರ ಬುಗ್ಗೆಯ ಕೆಸರಿನಿಂದ ಲ್ಯಾಬಿನಲ್ಲಿ ಬೆಳೆಸಲು ಅವಳು ಒದ್ದಾಡುತ್ತಿದ್ದಳು. ಪ್ರತಿ ಸಲವೂ ಸೋಲು.

"ಈ ಸಲ ಬದುಕಿದ್ವಾ?" ಸಿಕ್ಕಾಗಲೆಲ್ಲ ಅವನ ಮೊದಲ ಪ್ರಶ್ನೆ ಅದೇ.

ಒಂದು ಭಾನುವಾರ ಸುಪ್ರಜಾಳ ಅಮ್ಮ ಅಂಬುಜಮ್ಮನ ಫೋನ್ ಬಂತು. "ಯಾರ ಜೊತೆ ಇದೀಯೇ?"

ಜಾತಿ, ಮನೆತನ ಎಲ್ಲ ಕಣ್ಮುಂದೆ ಬಂದು ಸುಪ್ರಜಾ ಗಾಬರಿಬಿದ್ದಳು. "ಯಾರೂ ಇಲ್ಲಮ್ಮ... ಬೇಳೆ ಅಂಗಡಿಯವ್ರು. ಪರಿಚಯ ಅಷ್ಟೇ."

ಪಕ್ಕದಲ್ಲೇ ಇದ್ದ ಅಭಿನಂದನ್ ಎಂದಿನಂತೆ ದೋಸೆಯ ದುಡ್ಡು ಕೊಟ್ಟು ಹೊರಟ. ಆದರೆ ಮುಂದಿನ ಭಾನುವಾರ ಬರಲಿಲ್ಲ. ಫೋನೂ ಇಲ್ಲ.

'ಇಷ್ಟೇನಾ ನಾನು ಅವನಿಗೆ?' ಅಂತ ಅವಳು ಒಳಗೊಳಗೇ ಅತ್ತಳು.

ಅಷ್ಟರಲ್ಲಿ ಒಂದು ಬೆಳಿಗ್ಗೆ... ಟ್ಯೂಬಿನ ತಿಳಿನೀರು ಕದಡಿತ್ತು! ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಡ್ಡಿಯಂಥ ಜೀವಿಗಳು ಪುಳಪುಳನೆ ಓಡಾಡುತ್ತಿದ್ದವು!

ಮೊದಲು ಪಿಎಚ್‌ಡಿ ಗೈಡ್‌ಗೆ ಹೇಳಬೇಕಿತ್ತು. ಆದರೆ ಅವಳು ಆಟೋ ಹತ್ತಿದಳು. "ತರಗುಪೇಟೆ, ಬೇಗ!"

ಬೇಳೆ ಮೂಟೆಗಳ ಮಧ್ಯೆ ನಿಂತು ಕೂಗಿದಳು, "ಅಭಿನಂದನ್! ಬದುಕಿದಾವೆ ಕಣ್ರೀ!"

"ನಿಜವಾಗ್ಲೂ?!" ಕೈಲಿದ್ದ ತೊಗರಿಬೇಳೆ ಚೆಲ್ಲಿ ಓಡಿಬಂದವನು ಥಟ್ಟನೆ ನಿಂತ. "ಇದನ್ನ... ಬೇಳೆ ಅಂಗಡಿಯವನಿಗೆ ಯಾಕೆ ಹೇಳೋಕೆ ಬಂದ್ರಿ?"

ಅವಳಿಗೆ ಅಮ್ಮನ ಆವತ್ತಿನ ಫೋನ್ ನೆನಪಾಯಿತು. ಓ... ಅದಕ್ಕಾ!

ಅಲ್ಲೇ ಫೋನ್ ತೆಗೆದಳು. "ಅಮ್ಮಾ, ಆವತ್ತು ಸುಳ್ಳು ಹೇಳಿದೆ. ಅಭಿನಂದನ್ ಬರೀ ಪರಿಚಯ ಅಲ್ಲ. ಮದುವೆ ಆದ್ರೆ ಅವ್ರನ್ನೇ!"

ಆ ಕಡೆಯಿಂದ ಜಾತಿ, ಮನೆತನ ಅಂತ ಒಂದರ ಮೇಲೊಂದು ಪ್ರಶ್ನೆ. ಕೊನೆಗೆ, "ಮನೆಗೆ ಕರ್ಕೊಂಡ್ ಬಾ... ನೋಡೋಣ."

ಅಭಿನಂದನ್ ಕಣ್ಣು ತುಂಬಿ ಬಂದಿತ್ತು. "ಅದಕ್ಕೆ ಮೊದ್ಲು... ನಿಮ್ಮ ಜೀವಿಗಳನ್ನ ನೋಡ್ಬಹುದಾ?"

"ಬನ್ನಿ."

"'ಬಾ' ಅನ್ನಬಾರದಾ?"

ಸುಪ್ರಜಾ ನಾಚಿದಳು. ಹಮಾಲರೆಲ್ಲ ನೋಡುತ್ತಿದ್ದಂತೆಯೇ ಅವನ ಕೈ ಹಿಡಿದಳು.

"ಬಾರೋ..."