ಕೊನೆಯ ಹದಿನಾರು ಪುಟ

"ಕೊನೆ ಹೇಗಿತ್ತು?" ಎಂದು ಬೈಂಡರ್ ಕೇಳಿದರು.

"ಅಯ್ಯೋ, ಅದನ್ನ ಮಾತ್ರ ಕೇಳ್ಬೇಡಿ. ಕೊನೇ ಪುಟಗಳಲ್ಲಿ ಅತ್ತೇಬಿಟ್ಟೆ," ಎಂದೆ. ದನಿಯನ್ನು ಸ್ವಲ್ಪ ನಡುಗಿಸಿಯೂ ಇದ್ದೆ. ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವರೇ ಹೊಲಿದು ಕೊಟ್ಟಿದ್ದ ಆ ಪುಸ್ತಕದ ಒಂದೇ ಒಂದು ಪುಟವನ್ನೂ ನಾನು ಓದಿರಲಿಲ್ಲ.

ಲೈಬ್ರರಿಯ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಬಿಚ್ಚಿ ಹೊಲಿಯುವುದು ಅವರ ಕೆಲಸ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವುದು ನನ್ನದು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ನಾನು ಕೆಳಗಿಳಿದು, ಅಂಟಿನ ವಾಸನೆಯ ಆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ವಾರದಲ್ಲಿ ಓದಿದ ಕಥೆಯನ್ನು ಹೇಳುತ್ತಿದ್ದೆ. ಅವರು ಹೊಲಿಯುತ್ತಾ ಕೇಳುತ್ತಿದ್ದರು. ಸೂಜಿಗೆ ದಾರ ಪೋಣಿಸುವಾಗ ಅವರು ಒಂದು ಕಣ್ಣು ಮುಚ್ಚುತ್ತಾರೆ. ಇನ್ನೊಂದು ಕಣ್ಣು ದಾರದ ಮೇಲಿರಬೇಕು, ನನ್ನ ಮೇಲಿರುತ್ತಿತ್ತು.

"ಕನ್ನಡಕದೋರೇ, ಕಥೆ ನಿಲ್ಲಿಸ್ಬೇಡಿ," ಎನ್ನುತ್ತಿದ್ದರು.

"ಬೈಂಡರ್ ಸಾಹೇಬ್ರೇ, ಮೊದಲು ಸೂಜಿ ನೋಡಿ. ಬೆರಳು ಹೊಲ್ಕೊಂಡೀರಿ."

ಇಷ್ಟೇ ನಮ್ಮ ನಡುವೆ ಇದ್ದದ್ದು. ಇಷ್ಟಕ್ಕಾಗಿಯೇ ನಾನು ಇಡೀ ವಾರ ಕಾಯುತ್ತಿದ್ದೆ.

ಕೆಡಿಸಿಕೊಂಡದ್ದು ನಾನೇ. ಹೋದ ವರ್ಷ ಫೋನಿನ ಓದುಗರ ಗುಂಪಿನಲ್ಲಿ, ವರ್ಷಕ್ಕೆ ನೂರು ಪುಸ್ತಕ ಓದುತ್ತೇನೆಂದು ಜಂಬ ಕೊಚ್ಚಿದ್ದೆ. ಓದಿದೆ ಕೂಡ. ಬಸ್ಸಿನಲ್ಲಿ, ಊಟದ ತಟ್ಟೆಯ ಪಕ್ಕ, ಹಲ್ಲುಜ್ಜುತ್ತಾ. ವರ್ಣನೆ ಬಂದರೆ ಹಾರಿಸಿದೆ. ತೆಳ್ಳಗಿನ ಪುಸ್ತಕಗಳನ್ನೇ ಹುಡುಕಿ ತಂದೆ. ನೂರು ಮುಗಿದ ದಿನ ಗುಂಪಿನವರೆಲ್ಲ ಚಪ್ಪಾಳೆಯ ಚಿತ್ರ ಕಳಿಸಿದರು. ನೂರೊಂದನೆಯದನ್ನು ತೆರೆದೆ; ಕಣ್ಣು ಸಾಲಿನ ಮೇಲೆ ಓಡಿತು, ತಲೆಯೊಳಗೆ ಏನೂ ಇಳಿಯಲಿಲ್ಲ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಹಾಗಾಯಿತು. ನನ್ನ ಕಣ್ಣನ್ನೇ ಪರೀಕ್ಷೆ ಮಾಡಿಸಿಕೊಂಡೆ. ಕಣ್ಣಿನಲ್ಲಿ ಏನೂ ದೋಷವಿರಲಿಲ್ಲ.

ಇದನ್ನು ಬೈಂಡರ್ ಹತ್ತಿರ ಹೇಗೆ ಹೇಳಲಿ? ಕಥೆ ಇಲ್ಲದೆ ಹೋದರೆ ನಾನು ಅವರಿಗೆ ಯಾರು? ಹಾಗಾಗಿ ಹಿಂದಿನ ರಕ್ಷಾಪುಟ ನೋಡಿ, ಫೋನಿನಲ್ಲಿ ಯಾರೋ ಬರೆದ ನಾಲ್ಕು ಮಾತು ಹೆಕ್ಕಿ, ಉಳಿದದ್ದಕ್ಕೆ ಉಪ್ಪುಖಾರ ಹಚ್ಚಿ ಮೂರು ತಿಂಗಳು ಕಥೆ ಹೇಳಿದೆ.

"ಅತ್ತೇಬಿಟ್ರಾ?" ಎಂದರು ಈಗ. ಅವರ ಕೈ ನಿಂತುಹೋಗಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆದರೂ ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪತ್ತೇದಾರಿ ಕಾದಂಬರಿಯೊಂದನ್ನು ಬೀಸುತ್ತಾ ಮೆಟ್ಟಿಲಿಳಿದು ಬಂದರು.

"ಏನಯ್ಯಾ ಇದು! ಇನ್ನೂರು ಪುಟ ಕೊಲೆಗಾರನ್ನ ಹುಡುಕಿದೀನಿ. ಕೊನೇಲಿ ನೋಡಿದ್ರೆ ಯಾರೋ ಹುಡುಗಿ ಅಜ್ಜಿಗೆ ಕಾಗದ ಬರೀತಾ ಕೂತಿದಾಳೆ!"

"ತಪ್ಪಾಯ್ತು ಸಾರ್. ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದೆ. ಕೊನೇ ಹದಿನಾರು ಪುಟ ಅದಲುಬದಲಾಗಿದೆ. ಬೆಳಗ್ಗೆ ಗೊತ್ತಾಯ್ತು."

"ಹಾಗಾದ್ರೆ ನನ್ನ ಕೊಲೆಗಾರ ಎಲ್ಲಿ?"

ಬೈಂಡರ್ ನನ್ನ ಮಡಿಲಿನ ಪುಸ್ತಕದತ್ತ ನೋಡಿದರು. ಮೇಷ್ಟ್ರೂ ನೋಡಿದರು. "ಓಹೋ, ನೀನು ಓದಿದೀಯಾ! ಹೇಳಮ್ಮಾ, ಕೊಂದಿದ್ದು ಯಾರು?"

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಅವರು ಇನ್ನೂ ಅಲ್ಲಿತನಕ ಬಂದಿಲ್ಲ ಸಾರ್," ಎಂದರು ಬೈಂಡರ್, ನನ್ನತ್ತ ನೋಡದೆ.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರ್ಯಾದೆ ಉಳಿಸಿದ್ದೇ ಹೆಚ್ಚು ಸುಟ್ಟಿತು.

ಮೇಷ್ಟ್ರು ಹೋದ ಮೇಲೆ ಬೈಂಡರ್ ಸೂಜಿಯನ್ನು ಕೆಳಗಿಟ್ಟರು.

"ನಿಮ್ಮ ಓದು ಕೆಡಿಸಿದೆ ಅಂತ ಬೆಳಗ್ಗೆಯಿಂದ ಒದ್ದಾಡ್ತಿದ್ದೆ," ಎಂದರು. "ಕ್ಷಮೆ ಕೇಳೋಣ ಅಂತಿದ್ದೆ. ಎಷ್ಟು ದಿನದಿಂದ ಹೀಗೆ?"

"ಮೂರು ತಿಂಗಳು."

"ಆ ದೋಣಿಯವನ ಕಥೆ?"

"ಅರ್ಧ ನಾನೇ ಕಟ್ಟಿದ್ದು."

"ಅವನಿಗೋಸ್ಕರ ಎರಡು ದಿನ ಬೇಜಾರು ಮಾಡ್ಕೊಂಡಿದ್ದೆ ನಾನು," ಎಂದು ಅವರು ಬೆನ್ನು ತಿರುಗಿಸಿ ಕೆಲಸಕ್ಕೆ ಕೂತರು.

ಎರಡು ಶನಿವಾರ ನಾನು ಆ ಬೀದಿಗೇ ಹೋಗಲಿಲ್ಲ. ಫೋನಿನ ಗುಂಪಿನಿಂದ ಹೊರಗೆ ಬಂದೆ. ಅಂಗಡಿಯಲ್ಲಿ ಅಕ್ಷರದ ಹಲಗೆ ತೋರಿಸಿ, "ಸುಳ್ಳು ಹೇಳ್ಬೇಡಿ, ಕಾಣ್ದಿದ್ರೆ ಕಾಣಲ್ಲ ಅನ್ನಿ," ಎಂದು ಗಿರಾಕಿಗಳಿಗೆ ಹೇಳುವಾಗಲೆಲ್ಲ ನನ್ನ ಮುಖ ನನಗೇ ಬೇಡವಾಗುತ್ತಿತ್ತು.

ಮೂರನೆಯ ಶನಿವಾರ ಬರಿಗೈಯಲ್ಲಿ ಹೋದೆ. ಒಳಗೆ ಹೋಗುವ ಧೈರ್ಯವಾಗದೆ ಬಾಗಿಲಲ್ಲೇ ನಿಂತೆ.

"ಪುಸ್ತಕ ತಂದಿಲ್ಲ. ಕಥೆಯೂ ಇಲ್ಲ. ಓದೋಕೆ ಆಗ್ತಾ ಇಲ್ಲ ನಂಗೆ. ಪುಸ್ತಕ ಮುಟ್ಟಿದ್ರೆ ಸುಸ್ತಾಗತ್ತೆ. ನಾಚಿಕೆ ಆಗಿ ಹೇಳ್ಲಿಲ್ಲ."

"ಹೇಳಿದ್ರೆ ಬೈತಿದ್ನಾ?"

"ಕಥೆ ಇಲ್ದೆ ಬಂದ್ರೆ ಸ್ಟೂಲ್ ಕೊಡ್ತೀರೋ ಇಲ್ವೋ ಅನ್ನಿಸ್ತು."

ಅವರು ನಕ್ಕರು. ಆದರೆ ಕಣ್ಣಲ್ಲಿ ನೋವಿತ್ತು. "ಕಥೆನೇ ಬೇಕಿದ್ರೆ ನಾಲ್ಕು ಗೋಡೆ ತುಂಬ ಪುಸ್ತಕ ಇದೆ. ನಿಮ್ಮ ದಾರಿ ಯಾಕೆ ಕಾಯ್ಲಿ?"

ನನಗೆ ಅಳು ಬಂತು. ಈ ಸಲ ನಿಜವಾದದ್ದೇ.

ಅವರು ಸ್ಟೂಲನ್ನು ಕಾಲಿನಿಂದ ನನ್ನತ್ತ ತಳ್ಳಿ, ಹರಿದ ಪುಸ್ತಕವೊಂದನ್ನು ಎತ್ತಿಕೊಂಡರು. "ನೀವು ಓದ್ಬೇಡಿ. ಸುಮ್ನೆ ಕೂತ್ಕೊಳ್ಳಿ." ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತಾ, ನಿಧಾನವಾಗಿ ಒಂದು ಪುಟ ಓದಿದರು. ತಪ್ಪಿದಾಗ ಹಿಂದೆ ಹೋಗಿ ಮತ್ತೆ ಓದಿದರು. ಒಬ್ಬ ಹೆಂಗಸು ಬೀಗ ಹಾಕಿದ ಬಾಗಿಲ ಮುಂದೆ ನಿಂತು ಚೀಲದಲ್ಲಿ ಕೈಹಾಕುತ್ತಾಳೆ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟರು.

"ಆಮೇಲೆ?" ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನಾನೇ ಬೆಚ್ಚಿದೆ.

"ದಿನಕ್ಕೆ ಒಂದೇ ಪುಟ. ಮಿಕ್ಕಿದ್ದು ನಾಳೆ."

"ನಾಳೆ ಭಾನುವಾರ. ಲೈಬ್ರರಿ ರಜೆ."

"ನಮ್ಮನೆಗೆ ರಜೆ ಇಲ್ವಲ್ಲ," ಎಂದರು ಅವರು, ದಾರದ ಉಂಡೆಯನ್ನು ಸುಮ್ಮಸುಮ್ಮನೆ ಬಿಚ್ಚುತ್ತಾ. "ಅಮ್ಮನಿಗೆ ಹೇಳಿದೀನಿ, ಒಬ್ರು ಬರ್ತಾರೆ ಅಂತ."

"ಯಾವಾಗ ಹೇಳಿದ್ರಿ?"

"ಹೋದ ವಾರ. ಅದರ ಹಿಂದಿನ ವಾರವೂ. ನೀವು ಶನಿವಾರ ಬಂದೇ ಬರ್ತೀರಾ, ಕೇಳ್ಬಿಡೋಣ ಅಂತಿದ್ದೆ. ನೀವು ಬರ್ಲಿಲ್ಲ. ಅಮ್ಮ ಎರಡು ಭಾನುವಾರವೂ ಒಳ್ಳೇ ಬಟ್ಟೆ ಹಾಕ್ಕೊಂಡು ಸಂಜೆ ತನಕ ಕಾದ್ರು."

ನನಗೆ ತಲೆ ಎತ್ತಲಾಗಲಿಲ್ಲ. ಅವರ ಚಪ್ಪಲಿಯ ಪಕ್ಕದಲ್ಲಿ ಬಿದ್ದಿದ್ದ ಕಾಗದದ ಚೂರುಗಳನ್ನು ನೋಡುತ್ತಲೇ, "ನಾಳೆ ಎಷ್ಟು ಗಂಟೆಗೆ ಬರ್ಲಿ?" ಎಂದು ಕೇಳಿದೆ.