ಸ್ವಲ್ಪ ಮೆಲ್ಲಗೆ, ಬೊರಾ

ನಾನು ಬೈಯುತ್ತಿದ್ದೇನೆಂದೇ ಅವನು ತಿಳಿದ.

"ಏನು ಬೇಕು?" ಎಂದಷ್ಟೇ ಕೇಳಿದ್ದೆ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿಸಿ, "ತಪ್ಪಾಯ್ತು" ಎಂದ. ನಮ್ಮ ಅಂಗಡಿಯಲ್ಲಿ ಹಗ್ಗ, ಲಂಗರು, ಹಡಗಿನ ಹಳೆಯ ದೀಪಗಳು ಸಿಗುತ್ತವೆ. ಅವನು, ಜೆಹಾ, ದೀಪ ಕೊಳ್ಳಲು ಸೇತುವೆಯಾಚೆಯ ಸಿರಿವಂತರ ಬಡಾವಣೆ ಹೆವುಂದೆಯಿಂದ ಬಂದಿದ್ದ.

"ಬೈತಿಲ್ಲ ಕಣ್ರೀ, ಮಾತಾಡ್ತಿದ್ದೀನಿ!"

"ಹಾಗಾದ್ರೆ ಬೈಯೋದು ಹೇಗಿರುತ್ತೆ?" ಎಂದು ಕಣ್ಣಂಚಿನಲ್ಲೇ ನಕ್ಕ. ಆ ನಗುವನ್ನು ಮತ್ತೆ ನೋಡಲೆಂದೇ ಒಂದು ದೀಪವನ್ನು ಒಳಗೆ ಬಚ್ಚಿಟ್ಟು, "ನಾಳೆ ಬನ್ನಿ" ಎಂದೆ.

ನಮ್ಮ ಯೊಂಗ್ದೊ ದ್ವೀಪದವರ ದನಿಯೇ ಹಾಗೆ. ಅಮ್ಮ ಮೂವತ್ತು ವರ್ಷ ಹಗ್ಗಕ್ಕೆ ಜೋತುಬಿದ್ದು, ಹಡಗುಗಳ ತುಕ್ಕನ್ನು ಸುತ್ತಿಗೆಯಿಂದ ಬಡಿದು ಉದುರಿಸಿದವಳು. ನಮ್ಮ ಓಣಿಯ ಹೆಂಗಸರೆಲ್ಲ ಅದೇ ಕೆಲಸದವರು. ಕಿವಿ ಹೋದವು, ದನಿ ಏರಿತು, ಮಕ್ಕಳು ಓದಿದರು. ನಮ್ಮ ಬುಸಾನ್ ನಗರದಲ್ಲಿ ಎಷ್ಟು ಗಾಜಿನ ಗೋಪುರ ಎದ್ದರೂ ನಮ್ಮ ಅಮ್ಮಂದಿರ ಮುಂದೆ ಅವೆಲ್ಲ ಕುಳ್ಳ.

ಮರುದಿನ ದೀಪಕ್ಕೆಂದು ಬಂದವನು ಆಮೇಲೆ ನನಗಾಗಿ ಬರತೊಡಗಿದ. ಆರು ತಿಂಗಳು ಚೆನ್ನಾಗಿತ್ತು. ಒಂದು ದಿನ ಹೆವುಂದೆಯ ಕೆಫೆಯಲ್ಲಿ ಅವನ ಜೋಕಿಗೆ ಮನಸಾರೆ ನಕ್ಕೆ. ನಾಲ್ಕು ತಲೆಗಳು ನಮ್ಮತ್ತ ತಿರುಗಿದವು. ಅವನ ಕಿವಿ ಕೆಂಪಾಯಿತು.

"ಸ್ವಲ್ಪ ಮೆಲ್ಲಗೆ, ಬೊರಾ..."

ಎದ್ದುಬಿಟ್ಟೆ. "ನಮ್ಮಲ್ಲಿ ಮೆಲ್ಲಗೆ ಮಾತಾಡೋರು ಸುಳ್ಳು ಹೇಳೋರು ಮಾತ್ರ!" ಬಸ್ಸು ಸೇತುವೆ ದಾಟುವವರೆಗೂ ತಡೆದುಕೊಂಡೆ. ಆಮೇಲೆ ಅಳು ಬಂತು. ಹನ್ನೆರಡು ದಿನ ಅವನ ಫೋನ್ ಎತ್ತಲಿಲ್ಲ. ಹನ್ನೆರಡು ದಿನವೂ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಹದಿಮೂರನೆಯ ದಿನ ಮಧ್ಯಾಹ್ನ, ಹೆಗಲ ಮೇಲೆ ಕಿತ್ತಳೆಯ ಪೆಟ್ಟಿಗೆ ಹೊತ್ತು ಅವನೇ ಬಂದ. ಅಮ್ಮ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಅವಳ ಹಿಂದೆ ನಿಂತು ಮುಖ ಬಿಗಿದುಕೊಂಡೆ.

"ಅಮ್ಮಾ, ನಾನು ಜೆಹಾ..." ಎಂದು ಗೊಣಗಿದ.

"ಕಿತ್ತಳೆ ಬೇಡಪ್ಪ, ನಿನ್ನೆ ತಾನೇ ತಗೊಂಡಿದ್ದೀವಿ."

"ಮಾರೋಕೆ ಬಂದಿಲ್ಲ!"

"ಹಂಗಾದ್ರೆ ಪುಕ್ಕಟೆನಾ?"

ಅವನು ಪೆಟ್ಟಿಗೆ ಇಳಿಸಿ ಉಸಿರೆಳೆದುಕೊಂಡ. "ನಿಮ್ಮ ಮಗಳನ್ನ ಪ್ರೀತಿಸ್ತೀನಿ! ಮೆಲ್ಲಗೆ ಮಾತಾಡು ಅಂದುಬಿಟ್ಟೆ! ತಪ್ಪು ನಂದೇ! ಮದುವೆ ಮಾಡಿಕೊಡ್ತೀರಾ?"

ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಎದುರುಮನೆಯ ಮಾಲ್ಜಾ ಚಿಕ್ಕಮ್ಮ ಸೌಟು ಹಿಡಿದೇ ಹೊರಬಂದಳು. "ಇನ್ನೊಂದ್ಸಲ ಹೇಳಪ್ಪಾ, ಕೊನೇದು ಸರಿಯಾಗಿ ಕೇಳಿಸ್ಲಿಲ್ಲ!"

ಅವನು ಇನ್ನೂ ಜೋರಾಗಿ ಹೇಳಿದ. ಹೆಮ್ಮೆಯಿಂದ ನನ್ನ ಎದೆಯುಬ್ಬಿತು, ಮುಚ್ಚಿಡುವುದೇಕೆ?

ಅಮ್ಮ ಚಾಕು ಕೆಳಗಿಟ್ಟಳು. "ದ್ವೀಪ ಕಾಯೋ ನಮ್ಮ ಬೆಟ್ಟದ ದೇವಿ, ಆ ಅಜ್ಜಿಗೆ ಸಿಟ್ಟು ಜಾಸ್ತಿ ಕಣಪ್ಪ. ದ್ವೀಪ ಬಿಟ್ಟುಹೋದೋರು ಉದ್ಧಾರ ಆಗೋಕೆ ಬಿಡಲ್ಲ. ಇವಳನ್ನ ಸೇತುವೆ ದಾಟಿಸ್ತೀಯಾ?"

"ಇವಳು ದಾಟೋದು ಬೇಡ! ನಾನೇ ದಾಟಿ ಬರ್ತೀನಿ! ಇಲ್ಲೇ ಇರ್ತೀನಿ!"

ಅಮ್ಮ ಅವನ ಉಬ್ಬಿದ ಕತ್ತಿನ ನರಗಳನ್ನು ನೋಡಿದಳು. "ಗಂಟಲು ಪರವಾಗಿಲ್ಲ" ಎಂದು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು.

ಅವನು ನನ್ನತ್ತ ತಿರುಗಿದ. "ನೀನೇನಂತೀಯ?"

ಹುಟ್ಟಿದಾಗಿನಿಂದ ಕೂಗಿ ಬೆಳೆದ ಗಂಟಲು ಆಗಲೇ ಕೈಕೊಟ್ಟಿತು. "ಹ್ಞೂಂ" ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವನು ಕಿವಿಗೆ ಕೈ ಅಡ್ಡ ಹಿಡಿದ. ಕಣ್ಣಂಚಿನಲ್ಲಿ ಅದೇ ನಗು.

"ಸ್ವಲ್ಪ ಜೋರಾಗಿ, ಬೊರಾ."

ಹೇಳಿದೆ. ಹೆವುಂದೆಯವರೆಗೂ ಕೇಳಿಸಿರಬೇಕು.