ಮೂರನೇ ಸುತ್ತಿನ ಬ್ರೇಕು

"ಬ್ರೇಕ್ ಹಾಕೋ!"

ಹೆಲ್ಮೆಟ್ಟಿನ ಸ್ಪೀಕರಿನಲ್ಲಿ ಪಕ್ಕದ ಸೀಟಿನ ಭಾವನ ಕೂಗು ನನ್ನ ಕಿವಿ ಕೊರೆಯಿತು. ನೇರ ದಾರಿ ಮುಗಿಯುತ್ತಿತ್ತು. ಮುಂದೆ ಬಲಕ್ಕೆ ಕೊಕ್ಕೆಯಂತೆ ಬಾಗಿದ ತಿರುವು. ಅದರಾಚೆ ಜಲ್ಲಿ. ಜಲ್ಲಿಯಾಚೆ ಹಳೇ ಟೈರುಗಳ ಗೋಡೆ...

ಹಾಕಿದೆ. ಕಾರು ಮೂಗು ತಗ್ಗಿಸಿತು, ತಿರುವಿಗೆ ನುಗ್ಗಿತು, ಬದುಕಿ ಹೊರಬಂತು.

"ಹಾಕಿದ್ನಲ್ಲ ಭಾವ. ಇದಿನ್ನೂ ಒಂದನೇ ಸುತ್ತು."

"ಸಾಕು! ಕಾರು ಸರಿಯಿದೆ ಅಂತ ನಾನೇ ಹೇಳ್ತೀನಿ. ವಾಪಸ್ ನಡಿ!"

"ಇನ್ನೆರಡೇ ಸುತ್ತು. ಅಕ್ಕ ಕಾರು ಗುದ್ದಿದ್ದು ಮೂರನೇದ್ರಲ್ಲಿ."

ಭಾವ ಸೀಟಿನ ಅಂಚು ಬಿಗಿಹಿಡಿದ. ನನ್ನ ಬಾಯಲ್ಲಿ ಅವನಿಗೆ ಬಹುವಚನ. ಮನಸ್ಸಿನಲ್ಲಿ ಯಾವ ವಚನ ಎಂಬುದನ್ನು ಕೇಳಬೇಡಿ.

ನಾನು ಯಾರು ಅಂತೀರಾ? ಇನ್ಶೂರೆನ್ಸ್ ಕಂಪನಿಯವರು ನಂಬದ ಅಪಘಾತಗಳನ್ನು ಕೆದಕುವುದು ನನ್ನ ಕಸುಬು. ಈ ಕೆಂಪು ಕಾರು ಅಕ್ಕನದು. ವಾರವಿಡೀ ಆಫೀಸಿಗೆ, ರಜೆ ಬಂದರೆ ಟ್ರ್ಯಾಕಿಗೆ. ನಾವಿಬ್ಬರೂ ಸೇರಿ ಸಸ್ಪೆನ್ಷನ್ ತಗ್ಗಿಸಿದ್ದೆವು. ಸೈಲೆನ್ಸರ್ ಬದಲಿಸಿದ್ದೆವು. ಕಾರ್ಪೆಟ್ಟು ಕಿತ್ತು ಭಾರ ಇಳಿಸಿದ್ದೆವು. ಬ್ರೇಕಿನ ವಿಷಯದಲ್ಲಿ ಮಾತ್ರ ಅಕ್ಕ ಕಟ್ಟುನಿಟ್ಟು... ಚಕ್ರ ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡು, ಎಷ್ಟು ಕಾದರೂ ಜಾರದ ರೇಸಿಂಗ್ ಪ್ಯಾಡ್ ಬಿಟ್ಟು ಬೇರೆ ಹಾಕಿದವಳಲ್ಲ. ಪ್ರತಿ ಪ್ಯಾಡಿನ ಬೆನ್ನಿನ ತಗಡಿಗೂ ಉಳಿಯಿಂದ ಎಡ, ಬಲ ಎಂದು ತಾನೇ ಕೆತ್ತುತ್ತಿದ್ದಳು.

ಹೋದ ತಿಂಗಳು ಇದೇ ತಿರುವಿನಲ್ಲಿ ಬ್ರೇಕ್ ಕೈಕೊಟ್ಟಿತು. ಅಕ್ಕನ ಸೊಂಟದ ಮೂಳೆ ಮುರಿಯಿತು.

ಜಖಂ ಕಾರಿನ ಚಕ್ರ ಬಿಚ್ಚಿದಾಗ ಸಿಕ್ಕಿದ್ದು ಸುಟ್ಟು ಕರಕಲಾದ ಮಾಮೂಲಿ ರೋಡ್ ಪ್ಯಾಡ್! ಟ್ರ್ಯಾಕಿನ ಕಾವಿಗೆ ಎರಡೇ ಸುತ್ತಿನಲ್ಲಿ ಹಿಡಿತ ಬಿಡುವ ಮಾಲು.

"ರೇಸಿಂಗ್ ಪ್ಯಾಡ್ ಇದೆ ಅಂತ ಸುಳ್ಳು ಹೇಳಿ ಟ್ರ್ಯಾಕಿಗೆ ಇಳಿದಿದ್ದಾರೆ ನಿಮ್ಮಕ್ಕ," ಎಂದಿದ್ದರು ಟ್ರ್ಯಾಕ್ ಮ್ಯಾನೇಜರ್ ಮೇಡಂ. "ಬೇರೆಯವರ ಜೀವದ ಜತೆ ಆಟ ಆಡೋರಿಗೆ ಇಲ್ಲಿ ಜಾಗ ಇಲ್ಲ. ಇನ್ನು ಈ ಗೇಟು ದಾಟೋ ಹಾಗಿಲ್ಲ!"

ಮೂಳೆ ಮುರಿದಾಗ ಅಳದ ಅಕ್ಕ ಆ ಮಾತಿಗೆ ಅತ್ತಳು.

ಮೊನ್ನೆ ಆಸ್ಪತ್ರೆಯ ಬಾಗಿಲಲ್ಲಿ ಭಾವನ ಕಾರು ಕಿರುಚಿತು. ಕಿವಿ ಕಿತ್ತುಬರುವ ಕೀಚಲು! ನಿಲ್ಲಬೇಕಾದ ಕಡೆ ನಿಲ್ಲದೆ ಹೂಕುಂಡಕ್ಕೆ ಗುದ್ದಿತು. ಬಿಸಿಯಾಗದ ರೇಸಿಂಗ್ ಪ್ಯಾಡ್ ಹಾಗೇ... ಕಿರುಚುತ್ತದೆ, ಹಿಡಿಯುವುದಿಲ್ಲ. ಎರಡೂ ಕಾರು ಒಂದೇ ಕಂಪನಿಯವು, ಪ್ಯಾಡಿನ ಅಳತೆಯೂ ಒಂದೇ. ಭಾವ ಟ್ಯಾಕ್ಸಿ ರಿಪೇರಿಯ ವರ್ಕ್‌ಶಾಪ್ ನಡೆಸುವವನು. ಹಳೇ ನಟ್ಟನ್ನೂ ಡಬ್ಬಿಗೆ ಹಾಕಿಡುವ ಆಸಾಮಿ. ಒಳ್ಳೇ ಮಾಲನ್ನು ಗುಜರಿಗೆ ಎಸೆದಾನೆಯೇ?

ಎರಡನೇ ಸುತ್ತು. ಊಟದ ಬಿಡುವು, ಟ್ರ್ಯಾಕ್ ಖಾಲಿ. ರಿಪೇರಿಯಾದ ಕಾರು ಸರಿಯಿದೆಯೇ ನೋಡಿ ಹೇಳಿ ಎಂದು ಭಾವನನ್ನು ಕೂರಿಸಿಕೊಂಡಿದ್ದೆ.

"ಭಾವ, ಈಗ ಇದಕ್ಕೆ ಹಾಕಿರೋ ಪ್ಯಾಡ್ ಯಾವ್ದು ಗೊತ್ತಾ?"

"ಯಾ... ಯಾವ್ದು?"

"ನಿಮ್ಮ ವರ್ಕ್‌ಶಾಪಿಂದೇ ತಂದೆ. ಟ್ಯಾಕ್ಸಿಗೆ ಹಾಕ್ತೀರಲ್ಲ... ಅದೇ."

"ಹುಚ್ಚು ಹಿಡಿದಿದೆಯೇನೋ ನಿಂಗೆ! ಇಳಿಸು ನನ್ನ!"

"ಬಾಗಿಲು ಅಲ್ಲೇ ಇದೆ. ಇಳೀರಿ."

"ನಿಮ್ಮಕ್ಕನ್ನ ಮನೆಯಿಂದ ಆಚೆ ಹಾಕ್ತೀನಿ! ಬೀದಿಗೆ ತರ್ತೀನಿ!"

"ಮೊದಲು ನೀವು ಮನೆ ಸೇರಿ."

ತಿರುವು ಬಂತು. ಪೆಡಲ್ ಒತ್ತಿದೆ. ಕಾರು ನಿಧಾನವಾಯಿತು, ಆದರೆ ತಡವಾಗಿ... ಸುಟ್ಟ ವಾಸನೆ ಒಳಗೆ ಬಂತು. ಭಾವ ಆ ವಾಸನೆಯನ್ನು ವರ್ಕ್‌ಶಾಪಿನಲ್ಲಿ ದಿನವೂ ಕುಡಿಯುವ ಮನುಷ್ಯ. ಪ್ಯಾಡ್ ಸುಡುತ್ತಿದೆ ಎಂದು ಅವನಿಗೆ ಅರ್ಥವಾಯಿತು.

ಮೂರನೇ ಸುತ್ತಿನ ನೇರ ದಾರಿ. ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು.

"ಒಂದೇ ಸಲ ಕೇಳ್ತೀನಿ ಭಾವ, ಅಕ್ಕನ ಪ್ಯಾಡ್ ಬದಲಾಯಿಸಿದ್ದು ಯಾರು?"

"ಹೌದು! ನಾನೇ ಬದಲಾಯಿಸ್ದೆ! ಅವಳು ಮಲಗಿದ್ಮೇಲೆ! ಒಂದ್ಸಲ ಹೆದರಿದ್ರೆ ತೆಪ್ಪಗೆ ಮನೇಲಿ ಇರ್ತಾಳೆ ಅಂದ್ಕೊಂಡೆ! ವರ್ಕ್‌ಶಾಪಲ್ಲಿ ಎಲ್ರೂ ನಗ್ತಾರೆ ಕಣೋ... ಹೆಂಡ್ತಿ ರೇಸ್ ಹೊಡೀತಾಳೆ, ನೀನು ಪಂಕ್ಚರ್ ಹಾಕು ಅಂತ! ಈಗ ನಿಲ್ಸು!"

ನಿಲ್ಲಿಸಲು ಹೋದೆ.

ಪೆಡಲ್ ಕಲ್ಲಿನಂತೆ ಗಟ್ಟಿ. ಕಾರಿಗೆ ಮಾತ್ರ ಕೇಳಿಸಲೇ ಇಲ್ಲ!

ಲೆಕ್ಕ ಹಾಕಿಯೇ ಬಂದಿದ್ದೆ. ಗೇರ್ ಇಳಿಸಿ, ಎಂಜಿನ್ನಿನ ಜೋರಿನಲ್ಲೇ ತಡೆದು, ನೆಟ್ಟಗೆ ಜಲ್ಲಿಗೆ ಬಿಡುವುದು. ಒಂದು ಗೇರ್ ಇಳಿಸಿದೆ. ಇನ್ನೊಂದು... ಅಷ್ಟರಲ್ಲಿ ಭಾವ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿ ಎಳೆದೇಬಿಟ್ಟ!

ಹಿಂದಿನ ಚಕ್ರ ಬಿಗಿಯಿತು. ಕಾರು ಬುಗುರಿಯಾಯಿತು. ಆಕಾಶ, ಟೈರು ಗೋಡೆ, ಆಕಾಶ, ಗೋಡೆ... ಜಲ್ಲಿ ಗಾಜಿಗೆ ಆಲಿಕಲ್ಲಿನಂತೆ ಬಡಿಯಿತು.

ನಿಂತಿತು. ಗೋಡೆ ನನ್ನ ಕಿಟಕಿಯಿಂದ ಒಂದು ಮಾರು ದೂರದಲ್ಲಿತ್ತು.

ಧೂಳು ಇಳಿಯುವ ಮೊದಲೇ ಭಾವ ಹೆಲ್ಮೆಟ್ ಕಿತ್ತೆಸೆದು ಆಚೆಗೆ ಹಾರಿದ. ಸುತ್ತಿ ಬಂದು ನನ್ನನ್ನು ಹೊರಗೆಳೆದ. ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು.

"ಏನ್ ಕಿತ್ಕೋತೀಯೋ ಈಗ? ಪ್ರಾಣಭಯಕ್ಕೆ ಬಾಯಿಗೆ ಬಂದಿದ್ದು ಹೇಳ್ದೆ. ಸಾಕ್ಷಿ ಎಲ್ಲಿದೆ? ಹ್ಞಾಂ?"

"ನಿಮ್ಮ ಹಿಂದೆ."

ಮೇಡಂ ಜಲ್ಲಿ ತುಳಿಯುತ್ತಾ ಬರುತ್ತಿದ್ದರು. ಮೊಣಕೈವರೆಗೂ ಗ್ರೀಸು. ಭಾವ ಸೀಟಿಗೆ ಬೆಲ್ಟು ಬಿಗಿಸಿಕೊಂಡು ಕೂತಿದ್ದಷ್ಟು ಹೊತ್ತೂ ಅವರು ಪಾರ್ಕಿಂಗಿನಲ್ಲಿ ಅವನ ಕಾರಿನ ಮುಂದಿನ ಚಕ್ರ ಬಿಚ್ಚುತ್ತಿದ್ದರು. ಬೆಳಿಗ್ಗೆ ನಾನು ಕೇಳಿಕೊಂಡಿದ್ದು ಅಷ್ಟೇ... ಮೂರು ಸುತ್ತು ಅವನನ್ನು ಹಿಡಿದಿಡ್ತೀನಿ, ಅವನ ಚಕ್ರ ಬಿಚ್ಚಿ ನೋಡಿ ಎಂದು.

ಅವರು ಅಂಗೈ ಚಾಚಿದರು. ಎರಡು ಪ್ಯಾಡು. ಒಂದರ ಬೆನ್ನಿಗೆ ಎಡ, ಇನ್ನೊಂದಕ್ಕೆ ಬಲ. ಅಕ್ಕನ ಸೊಟ್ಟ ಅಕ್ಷರ.

"ಇದು ಯಾರ ಕೈಬರಹ ಸ್ವಾಮಿ? ನಿಮ್ದಾ?"

ಭಾವನ ಮುಷ್ಟಿ ಸಡಿಲಾಯಿತು. ನಾನು ಕೊರಳಪಟ್ಟಿ ಸರಿಮಾಡಿಕೊಂಡೆ. ಆಮೇಲೆ ಅವನ ಮೂಗಿಗೆ ಒಂದೇ ಒಂದು ಬಿಟ್ಟೆ. ಜಲ್ಲಿಯ ಮೇಲೆ ಕುಕ್ಕರುಬಡಿದು ಕೂತ.

ಮೇಡಂ ಕರೆಸಿದ ಪೊಲೀಸ್ ಜೀಪು ಅವನನ್ನು ತುಂಬಿಕೊಂಡು ಹೊರಟಿತು. ಮೇಡಂ ಅಕ್ಕನ ಕಾರಿನ ಮುಂದಿನ ಚಕ್ರದ ಬಳಿ ಕೂತರು. ಒಳಗೆ ಇಣುಕಿದರು. ಹೊಗೆಯಾಡುತ್ತಿದ್ದ ಪ್ಯಾಡನ್ನು ನೋಡಿದರು. ನನ್ನನ್ನು ನೋಡಿದರು.

"ನಿಮ್ಮಕ್ಕ ಯಾವಾಗ ಬೇಕಾದ್ರೂ ಬರ್ಲಿ. ಅವರ ಹತ್ರ ನಾನೇ ಕ್ಷಮೆ ಕೇಳ್ತೀನಿ."

"ಥ್ಯಾಂಕ್ಸ್ ಮೇಡಂ."

"ನೀನು ಮಾತ್ರ ರೋಡ್ ಪ್ಯಾಡಲ್ಲಿ ನನ್ನ ಟ್ರ್ಯಾಕಿಗೆ ಇಳಿದಿದ್ದೀಯ. ಇನ್ನು ಜನ್ಮದಲ್ಲಿ ಈ ಗೇಟು ದಾಟ್ಬೇಡ. ನಡಿ!"

ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಗೋಡೆಗೆ ಮುಖ ಮಾಡಿದಳು. ಬಹಳ ಹೊತ್ತು ಹೆಗಲು ಅಲುಗುತ್ತಿತ್ತು. ಕೊನೆಗೆ ಕಣ್ಣೊರೆಸಿಕೊಂಡು ಇತ್ತ ತಿರುಗಿದಳು.

"ಎರಡನೇ ಸುತ್ತಿನ ಟೈಮ್ ಎಷ್ಟು ಬಂತೋ?"

ಹೇಳಿದೆ.

"ನಿನ್ನ ಗೇಟಿಂದ ಆಚೆ ಹಾಕಿದ್ದು ಸರಿಯಾಗೇ ಇದೆ," ಎಂದಳು ಅಕ್ಕ. "ಬ್ರೇಕ್ ಇಲ್ದೆ ಹೋದ್ರೂ ಇಷ್ಟು ನಿಧಾನ ಅಂದ್ರೆ, ಟ್ರ್ಯಾಕಲ್ಲಿ ನಿಂಗೇನ್ ಕೆಲ್ಸ ಕಣೋ?"